ಹಳೇ ಮನೆಯ ನಲ್ಲಿ: ನಾವೇ ನೋಡ್ಬೇಕಾ, ಪ್ಲಂಬರ್ ಕರೀಬೇಕಾ? ವಿಕ್ರೋಳಿಯಿಂದ ಒಂದು ನೀರಿನ ಇತಿಹಾಸ

ವಿಡಿಯೋ ನೋಡೋಕೆ ಟೈಮ್ ಇಲ್ಲ, ಲೋಕಲ್ ಟ್ರೇನಲ್ಲಿ ನಿಂತ್ಕೊಂಡು ಓದ್ತೀವಿ ಅನ್ನೋರಿಗಾಗಿ ಈ ಬಾರಿಯ ಮಾತಿನ ಬರಹ ರೂಪ ಇಲ್ಲಿದೆ. ಮಾತಾಡುವಾಗ ಬಿಟ್ಟುಹೋದ ಕೆಲವು ವಿವರಗಳನ್ನೂ ಸೇರಿಸಿದ್ದೇನೆ.

ಮೊದಲು ನನ್ನ ಪೆದ್ದುತನದ ಕಥೆಯಿಂದಲೇ ಶುರು ಮಾಡ್ತೀನಿ.

ನಾವು ವಿಕ್ರೋಳಿ ಪೂರ್ವದ ಕನ್ನಮ್ವಾರ್ ನಗರದಲ್ಲಿ ಒಂದು ಹಳೇ ಫ್ಲ್ಯಾಟ್ ಕೊಂಡೆವು. ಎರಡನೇ ಮಹಡಿ, ಹೌಸಿಂಗ್ ಬೋರ್ಡ್ ಕಾಲದ ಕಟ್ಟಡ. ಅಡುಗೆಮನೆ ನಲ್ಲಿ ಸಣ್ಣಗೆ ತೊಟ್ಟಿಕ್ಕುತ್ತಿತ್ತು. ನಾನು ಎಂಟೆಕ್ ಮಾಡಿದವನು, ಒಂದು ನಲ್ಲಿ ಬದಲಾಯಿಸೋಕೆ ಪ್ಲಂಬರ್ ಯಾಕೆ ಅನ್ನಿಸಿತು. ಎರಡು ವಿಡಿಯೋ ನೋಡಿದೆ, ರೆಂಚ್ ತಂದೆ, ಟೆಫ್ಲಾನ್ ಟೇಪ್ ತಂದೆ. ಭಾನುವಾರ ರಾತ್ರಿ ಒಂಬತ್ತಕ್ಕೆ ನಲ್ಲಿಗೆ ರೆಂಚ್ ಹಾಕಿ ತಿರುಗಿಸಿದೆ. ನಲ್ಲಿ ಬಂತು. ಅದರ ಜೊತೆ ಗೋಡೆಯೊಳಗಿನ ಪೈಪಿನ ತುದಿಯೂ ಮುರಿದು ಬಂತು. ಮನೆಯ ವಾಲ್ವ್ ಮುಚ್ಚೋಣ ಅಂದರೆ ಅದು ತುಕ್ಕು ಹಿಡಿದು ಎಷ್ಟೋ ವರ್ಷದಿಂದ ಅಲುಗಾಡಿಲ್ಲ. ನೀರು ಅಡುಗೆಮನೆ ತುಂಬಿ, ಹಾಲ್ ದಾಟಿ, ಕೆಳಗಿನ ಮನೆ ಕಾಕೂ ಅವರ ಫ್ಯಾನಿನ ಮೇಲಿಂದ ಇಳಿಯೋಕೆ ಶುರುವಾಯ್ತು.

ತಾರಸಿಗೆ ಓಡಿದೆ. ಅಲ್ಲಿ ಸಾಲಾಗಿ ಹತ್ತಾರು ವಾಲ್ವ್. ಯಾವುದಕ್ಕೂ ಹೆಸರಿಲ್ಲ. ಯಾವುದು ಯಾರ ಮನೆಗೆ ಅಂತ ಇಡೀ ಕಟ್ಟಡದಲ್ಲಿ ಗೊತ್ತಿದ್ದದ್ದು ಒಬ್ಬರಿಗೆ ಮಾತ್ರ. ವರ್ಷಗಳಿಂದ ಈ ಕಟ್ಟಡದ ಕೆಲಸ ನೋಡುತ್ತಿದ್ದ ಹಿರಿಯ ಪ್ಲಂಬರ್ ಮಾಮಾಗೆ. ಅವರು ಬಂದರು, ಒಂದೇ ವಾಲ್ವ್ ತಿರುಗಿಸಿದರು, ನೀರು ನಿಂತಿತು. ಆಮೇಲೆ ನನ್ನ ಕೈಯಲ್ಲಿದ್ದ ಮುರಿದ ತುಂಡು ತೆಗೆದುಕೊಂಡು ಹೆಬ್ಬೆರಳಲ್ಲಿ ಒತ್ತಿದರು. ಅದು ಪುಡಿಯಾಯಿತು. "ಸಾಹೇಬ್, ಇದು ಪೈಪ್ ಅಲ್ಲ, ಕಾಗದ" ಅಂದರು.

ಆ ರಾತ್ರಿ ಕಾಕೂ ಮನೆ ನೆಲ ಒರೆಸುತ್ತಾ ಹುಟ್ಟಿದ ಪ್ರಶ್ನೆಯೇ ಈ ಮಾತಿಗೆ ಕಾರಣ. ಹಳೇ ಮನೆಯ ಪೈಪು, ನಲ್ಲಿ, ಬಚ್ಚಲಿನ ವಿಷಯದಲ್ಲಿ ನಾವೇ ಎಷ್ಟು ನೋಡಬಹುದು? ಎಲ್ಲಿಂದ ಮುಂದೆ ಕೈ ಹಾಕಬಾರದು? ಉತ್ತರ ಹುಡುಕುತ್ತಾ ಹೋದರೆ ಅದು ರೆಂಚಿನ ಬಗ್ಗೆ ಇರಲಿಲ್ಲ, ಈ ಊರಿನ ಇತಿಹಾಸದ ಬಗ್ಗೆ ಇತ್ತು.

ಬಾವಿಯಿಂದ ಪೈಪಿಗೆ

ಮುಂಬಯಿ ಮೊದಲು ಬಾವಿ ಮತ್ತು ಕೆರೆಗಳ ಊರು. ಚರ್ಚ್‌ಗೇಟ್ ಹತ್ತಿರ ಭೀಖಾ ಬೆಹ್ರಾಮ್ ಬಾವಿ ಇದೆಯಲ್ಲ, 1725ರದ್ದು, ಸಮುದ್ರ ಅಷ್ಟು ಹತ್ತಿರ ಇದ್ದರೂ ಸಿಹಿನೀರು. ಹತ್ತೊಂಬತ್ತನೇ ಶತಮಾನದ ನಡುವೆ ಜನ ಹೆಚ್ಚಾದರು, ನೀರು ಸಾಲಲಿಲ್ಲ. 1854ರಲ್ಲಿ ಮಳೆ ಕೈಕೊಟ್ಟಾಗ ದೋಣಿಗಳಲ್ಲೂ ಆಗಷ್ಟೇ ಶುರುವಾಗಿದ್ದ ರೈಲಿನಲ್ಲೂ ಊರಿಗೆ ನೀರು ತರಿಸಬೇಕಾಯಿತು.

ಅದೇ 1854ರಲ್ಲಿ ಲಂಡನ್ನಿನಲ್ಲಿ ಡಾಕ್ಟರ್ ಜಾನ್ ಸ್ನೋ ಬ್ರಾಡ್ ಸ್ಟ್ರೀಟಿನ ಒಂದು ಕೈಪಂಪಿನ ಸುತ್ತ ಕಾಲರಾ ಸಾವುಗಳನ್ನು ಎಣಿಸಿ, ರೋಗ ಗಾಳಿಯಿಂದ ಅಲ್ಲ, ನೀರಿನಿಂದ ಬರ್ತಿದೆ ಅಂತ ವಾದಿಸುತ್ತಿದ್ದರು. ಒಂದು ಕಡೆ ನೀರಿಲ್ಲದ ಸಮಸ್ಯೆ, ಇನ್ನೊಂದು ಕಡೆ ಕೆಟ್ಟ ನೀರಿನ ಸಮಸ್ಯೆ. ಎರಡನ್ನೂ ಒಟ್ಟಿಗೆ ಇಟ್ಟುಕೊಳ್ಳಿ, ಕೊನೆಗೆ ಬೇಕಾಗುತ್ತೆ.

ಎಂಜಿನಿಯರ್ ಹೆನ್ರಿ ಕಾನಿಬೇರ್ ಅವರ ಯೋಜನೆಯಂತೆ ವಿಹಾರ ಕಣಿವೆಗೆ ಅಣೆಕಟ್ಟು ಕಟ್ಟಿದರು. 1860ರಲ್ಲಿ ವಿಹಾರ ಕೆರೆಯ ನೀರು ಪೈಪಿನಲ್ಲಿ ಊರಿಗೆ ಹರಿಯಿತು. ಆಮೇಲೆ 1879ರಲ್ಲಿ ತುಳಸಿ, 1892ರಲ್ಲಿ ತಾನ್ಸಾ. ನಡುವೆ 1891ರಲ್ಲಿ ನಮ್ಮ ಪವಾಯಿ ಕೆರೆಯನ್ನೂ ಕುಡಿಯುವ ನೀರಿಗಾಗಿಯೇ ಕಟ್ಟಿದ್ದರು. ನೀರಿನ ಗುಣ ಚೆನ್ನಾಗಿಲ್ಲ ಅಂತ ಕುಡಿಯೋದಕ್ಕೆ ಬಳಸುವುದು ನಿಲ್ಲಿಸಿದರು. ಹೀರಾನಂದಾನಿಯ ಆಫೀಸ್ ಕಿಟಕಿಯಿಂದ ಕಾಣುವ ಆ ಚಂದದ ನೋಟ ನಿಜಕ್ಕೂ ಫೇಲಾದ ಒಂದು ನೀರಿನ ಪ್ರಾಜೆಕ್ಟ್.

ವಿಕ್ರೋಳಿಯಿಂದ ವಿಹಾರ ಕೆರೆ ಕೆಲವೇ ಕಿಲೋಮೀಟರ್. ಆದರೆ ಆ ನೀರು ಹೋಗುತ್ತಿದ್ದದ್ದು ದಕ್ಷಿಣದ ಹಳೇ ಊರಿಗೆ. ಸುತ್ತಲಿನ ಹಳ್ಳಿಗಳು ಬಾವಿ ನೀರನ್ನೇ ನಂಬಿಕೊಂಡಿದ್ದವು. ಕೆರೆ ಪಕ್ಕದಲ್ಲಿದ್ದರೆ ಸಾಲದು, ಪೈಪು ನಿಮ್ಮ ಕಡೆ ತಿರುಗಬೇಕು.

ಲೈಸೆನ್ಸ್ ಯಾಕೆ ಬಂತು

ನನಗೆ ಬಹಳ ಕುತೂಹಲ ಹುಟ್ಟಿಸಿದ ವಿಷಯ ಇದು. 1888ರ ಮುಂಬಯಿ ಮಹಾನಗರ ಪಾಲಿಕೆ ಕಾಯ್ದೆ ಇವತ್ತಿಗೂ ಜಾರಿಯಲ್ಲಿದೆ. ನೀರು ಮತ್ತು ಚರಂಡಿಯ ಕೆಲಸವನ್ನು ಪಾಲಿಕೆಯಿಂದ ಲೈಸೆನ್ಸ್ ಪಡೆದ ಪ್ಲಂಬರ್‌ಗಳೇ ಮಾಡಬೇಕು ಅನ್ನುವ ಏರ್ಪಾಡು ಆ ಕಾಯ್ದೆಯಲ್ಲೇ ಇದೆ. ಇದನ್ನು ಬ್ರಿಟಿಷರ ಕಾಗದಪತ್ರದ ಹುಚ್ಚು ಅಂತ ತಳ್ಳಿಹಾಕೋದು ಸುಲಭ. ಆದರೆ ಯೋಚನೆ ಮಾಡಿ.

ಬಾವಿ ನಿಮ್ಮದಾಗಿದ್ದರೆ, ಅದನ್ನು ಕೆಡಿಸಿದರೆ ಮೊದಲು ಕೆಡೋದು ನಿಮ್ಮ ಹೊಟ್ಟೆ. ಪೈಪ್ ಹಾಗಲ್ಲ. ಒಂದೇ ಕೊಳವೆಗೆ ನೂರು ಮನೆ ತಗುಲಿಕೊಂಡಿರುತ್ತವೆ. ನಾನು ನನ್ನ ಮನೆಯಲ್ಲಿ ತಪ್ಪು ಜೋಡಣೆ ಮಾಡಿದರೆ, ಪಕ್ಕದ ಬೀದಿಯ ಮಗುವಿಗೆ ವಾಂತಿಭೇದಿ ಆಗಬಹುದು. ಪೈಪು ಬಂದ ದಿನವೇ ನೀರು ಖಾಸಗಿ ವಿಷಯವಾಗಿ ಉಳಿಯಲಿಲ್ಲ. ಲೈಸೆನ್ಸಿನ ಹಿಂದಿರೋ ತರ್ಕ ಇದು. ಪ್ಲಂಬರ್ ನಮಗಿಂತ ಬುದ್ಧಿವಂತ ಅನ್ನೋದಲ್ಲ, ಆತ ನಮ್ಮ ನೆರೆಯವರಿಗೂ ಉತ್ತರದಾಯಿ ಅನ್ನೋದು.

ಇಲ್ಲೇ ನಮ್ಮವರೊಬ್ಬರನ್ನು ನೆನೆಸಿಕೊಳ್ಳಬೇಕು. ಸರ್ ಎಂ. ವಿಶ್ವೇಶ್ವರಯ್ಯ ಅಂದ ತಕ್ಷಣ ನಮಗೆ ಕನ್ನಂಬಾಡಿ ಕಣ್ಣಮುಂದೆ ಬರುತ್ತೆ. ಆದರೆ ಅವರು ಕೆಲಸಕ್ಕೆ ಸೇರಿದ್ದು 1884ರಲ್ಲಿ, ಮುಂಬಯಿ ಪ್ರಾಂತ್ಯದ ಲೋಕೋಪಯೋಗಿ ಇಲಾಖೆಯಲ್ಲಿ. ಓದಿದ್ದು ಪುಣೆಯಲ್ಲಿ, ಮೊದಲ ವರ್ಷಗಳ ಕೆಲಸ ನಾಸಿಕ್, ಖಾಂದೇಶ್ ಕಡೆ. ಒಂದರ್ಥದಲ್ಲಿ ಅವರೂ ನಮ್ಮ ಹಾಗೆ ಕೆಲಸ ಹುಡುಕಿಕೊಂಡು ಈ ಕಡೆ ಬಂದ ಎಂಜಿನಿಯರ್. 1890ರ ದಶಕದಲ್ಲಿ ಆಗ ಮುಂಬಯಿ ಪ್ರಾಂತ್ಯದಲ್ಲಿದ್ದ ಸಿಂಧ್‌ನ ಸಕ್ಕರ್ ಊರಿಗೆ ನೀರಿನ ವ್ಯವಸ್ಥೆ ಮಾಡಲು ಅವರನ್ನು ಕಳಿಸಿದರು. ಸಿಂಧೂ ನದಿ ನೀರು ಕೆಸರು. ಸೋಸುವ ಹಾಸುಗಳನ್ನು ಕಟ್ಟೋಕೆ ಆ ಪುರಸಭೆ ಹತ್ತಿರ ಹಣ ಇಲ್ಲ. ಅವರು ನದೀಪಾತ್ರದಲ್ಲೇ ಬಾವಿ ತೋಡಿಸಿ, ಮರಳಿನಲ್ಲಿ ಸಹಜವಾಗಿ ಸೋಸಿಕೊಂಡು ಬರುವ ನೀರನ್ನು ಎತ್ತುವ ದಾರಿ ಹುಡುಕಿದರು. ಒಳ್ಳೇ ಪರಿಣಿತ ಅಂದರೆ ಹೀಗೆ. ಮೊದಲು ಜಾಗ ನೋಡ್ತಾನೆ, ಆಮೇಲೆ ಜೇಬು ನೋಡ್ತಾನೆ, ಕೊನೆಗೆ ಗುದ್ದಲಿ ಎತ್ತುತ್ತಾನೆ. ನಾನು ಮಾಡಿದ್ದು ತಿರುಗಾ ಮುರುಗಾ.

ವಿಕ್ರೋಳಿಯ ಪೈಪಿನ ವಯಸ್ಸು

ಈಗ ನಮ್ಮ ಏರಿಯಾಕ್ಕೆ ಬರೋಣ. 1943ರಲ್ಲಿ ಗೋದ್ರೇಜ್ ಮನೆತನ ಇಲ್ಲಿ ದೊಡ್ಡ ಜಮೀನು ಕೊಂಡಿತು, ಆಮೇಲೆ ಕಾರ್ಖಾನೆ ಮತ್ತು ಕಾಲೊನಿ ಬಂದವು. ಸ್ವತಂತ್ರ ಭಾರತದ ಮೊದಲ ಚುನಾವಣೆಗೆ ಮತಪೆಟ್ಟಿಗೆಗಳು ತಯಾರಾದದ್ದು ಇಲ್ಲೇ. ಕಾರ್ಖಾನೆ ಬಂದ ಮೇಲೆ ಕಾರ್ಮಿಕರು ಬಂದರು, ಅವರಿಗೆ ಮನೆ ಬೇಕಾಯಿತು. ಸರ್ಕಾರದ ಹೌಸಿಂಗ್ ಬೋರ್ಡ್ ಟಾಗೋರ್ ನಗರ, ಕನ್ನಮ್ವಾರ್ ನಗರ ಕಟ್ಟಿತು. ಕನ್ನಮ್ವಾರ್ ಅಂತ ಕೇಳಿ ನಾನು ಮೊದಲು ಕನ್ನಡದ್ದೇ ಏನೋ ಹೆಸರು ಅಂದ್ಕೊಂಡಿದ್ದೆ! ಅಲ್ಲ, ಮಾರೋತ್‌ರಾವ್ ಕನ್ನಮ್ವಾರ್ ಮಹಾರಾಷ್ಟ್ರದ ಎರಡನೇ ಮುಖ್ಯಮಂತ್ರಿ. 1962ರಲ್ಲಿ ಅಧಿಕಾರಕ್ಕೆ ಬಂದು 1963ರ ನವೆಂಬರ್‌ನಲ್ಲಿ ಅಧಿಕಾರದಲ್ಲಿದ್ದಾಗಲೇ ತೀರಿಕೊಂಡರು.

ಅಂದರೆ ಈ ಕಾಲೊನಿಯ ಹಳೇ ಕಟ್ಟಡಗಳು ಸುಮಾರು 60 ವರ್ಷದವು. ಆ ಕಾಲದಲ್ಲಿ ನೀರಿಗೆ ಹಾಕುತ್ತಿದ್ದದ್ದು ಜಿಐ ಪೈಪು, ಅಂದರೆ ಸತುವಿನ ಲೇಪ ಕೊಟ್ಟ ಕಬ್ಬಿಣ. ಕೊಳಚೆ ನೀರಿಗೆ ಬೀಡುಕಬ್ಬಿಣದ ದಪ್ಪ ಪೈಪು. ಜೋಡಣೆಗೆ ಸಣಬಿನ ನೂಲು ಸುತ್ತಿ ಸಫೇದಾ ಬಳಿಯುತ್ತಿದ್ದರು. ಸತುವಿನ ಲೇಪ ಕರಗುವವರೆಗೆ ಕಬ್ಬಿಣಕ್ಕೆ ರಕ್ಷಣೆ. ಕರಗಿದ ಮೇಲೆ ತುಕ್ಕು ಒಳಗಿನಿಂದ ಗಂಟುಗಂಟಾಗಿ ಬೆಳೆಯುತ್ತೆ. ಹೊರಗೆ ಬಣ್ಣ ಹೊಡೆದು ಫಳಫಳ, ಒಳಗೆ ಅರ್ಧ ಇಂಚಿನ ದಾರಿ ಕಡ್ಡಿಯಷ್ಟಾಗಿರುತ್ತೆ. ಎಲ್ಲಕ್ಕಿಂತ ಮೊದಲು ಸೋಲೋದು ಪ್ಲಂಬರ್‌ಗಳು ಚೂಡಿ ಅನ್ನುವ ಮರೆ ಕೊರೆದ ಭಾಗ, ಯಾಕಂದರೆ ಅಲ್ಲಿ ಲೋಹ ತೆಳು. ನಾನು ರೆಂಚ್ ಹಾಕಿದ್ದು ಅಲ್ಲೇ.

ಇದರ ಮೇಲೆ ಕಾಲಕಾಲಕ್ಕೆ ಸೇರಿದ ಪದರಗಳು. ಒಂದು ಮನೆಯವರು ಬಚ್ಚಲು ಹೊಸದು ಮಾಡಿಸಿ ಸಿಪಿವಿಸಿ ಹಾಕಿಸಿರುತ್ತಾರೆ, ಅದು ಗೋಡೆಯೊಳಗೆ ಹಳೇ ಜಿಐಗೆ ಸೇರಿರುತ್ತೆ. ನಮ್ಮ ಭಾಷೆಯಲ್ಲಿ ಹೇಳೋದಾದರೆ ಡಾಕ್ಯುಮೆಂಟೇಶನ್ ಇಲ್ಲದ ಲೆಗಸಿ ಕೋಡ್, ಬರೆದವರೆಲ್ಲ ಕೆಲಸ ಬಿಟ್ಟು ಹೋಗಿದ್ದಾರೆ.

ಪದಗಳಲ್ಲೂ ಇತಿಹಾಸ ಇದೆ ನೋಡಿ. ಬಚ್ಚಲಿನ ನೆಲದಲ್ಲಿರುವ ಜಾಲರಿ ಮುಚ್ಚಿದ ಬಲೆಗೆ ಇಲ್ಲಿ ನಹಾನಿ ಟ್ರ್ಯಾಪ್ ಅಂತಾರೆ. ನಹಾಣಿ ಅಂದರೆ ಮರಾಠಿಯಲ್ಲಿ ಸ್ನಾನದ ಜಾಗ. ಮೋರಿ ಅಂದರೆ ನಮಗೆ ಚರಂಡಿ, ಇಲ್ಲಿಯವರಿಗೆ ಮನೆಯೊಳಗೆ ಪಾತ್ರೆ ತೊಳೆಯುವ ಮೂಲೆ. ಮನೆ ತೋರಿಸಲು ಬಂದ ಏಜೆಂಟ್ "ಕಿಚನ್‌ನಲ್ಲಿ ಮೋರಿ ಇದೆ" ಅಂದಾಗ ನನ್ನ ಹೆಂಡತಿ ಮುಖ ನೋಡಬೇಕಿತ್ತು.

ಕೆಲವೇ ಗಂಟೆಯ ನೀರು

ಇಂದು ಮುಂಬಯಿಗೆ ನೀರು ಕೊಡೋದು ಏಳು ಜಲಾಶಯಗಳು: ವಿಹಾರ, ತುಳಸಿ, ತಾನ್ಸಾ, ಮೋಡಕ್ ಸಾಗರ, ಅಪ್ಪರ್ ವೈತರಣಾ, ಮಿಡಲ್ ವೈತರಣಾ, ಭಾತ್ಸಾ. ದಿನಕ್ಕೆ ಸುಮಾರು 380 ಕೋಟಿ ಲೀಟರ್. ಅದರ ದೊಡ್ಡ ಪಾಲು ಶುದ್ಧವಾಗೋದು ನಮ್ಮ ಪಕ್ಕದ ಭಾಂಡುಪ್‌ನಲ್ಲಿ. ಆದರೂ ನಲ್ಲಿಗೆ ನೀರು ಬಿಡೋದು ಹೆಚ್ಚಿನ ಕಡೆ ದಿನಕ್ಕೆ ಕೆಲವೇ ಗಂಟೆ. ಪಾಲಿಕೆಯ ಚಾವಿವಾಲಾಗಳು ಸರದಿಯಂತೆ ಒಂದೊಂದು ಪ್ರದೇಶದ ವಾಲ್ವ್ ತೆರೆದು ಮುಚ್ಚುತ್ತಾರೆ. ಅದಕ್ಕೇ ಪ್ರತಿ ಕಟ್ಟಡಕ್ಕೂ ನೆಲದಡಿಯ ಟ್ಯಾಂಕ್, ಅಂದರೆ ನಮ್ಮ ಬೆಂಗಳೂರಿನ ಸಂಪು. ಅಲ್ಲಿಂದ ಪಂಪು, ತಾರಸಿ ಟ್ಯಾಂಕು, ಅಲ್ಲಿಂದ ಮನೆಗಳಿಗೆ ಇಳಿಯುವ ಪೈಪು.

ಅಪಾಯ ಇರೋದು ಇಲ್ಲಿ. ಪೈಪು ತುಂಬಿ ಒತ್ತಡ ಇದ್ದಾಗ ತೂತಿದ್ದರೆ ನೀರು ಹೊರಗೆ ಸೋರುತ್ತೆ. ಸಪ್ಲೈ ನಿಂತು ಪೈಪು ಖಾಲಿಯಾದಾಗ ಅದೇ ತೂತಿನಿಂದ ಸುತ್ತಲಿನ ನೀರು ಒಳಗೆ ಬರುತ್ತೆ. ಪಕ್ಕದಲ್ಲಿ ಚರಂಡಿ ಇದ್ದರೆ? ಮಾರನೇ ದಿನ ವಾಲ್ವ್ ತೆರೆದಾಗ ಮೊದಲು ಬರೋದು ಅದೇ. ಬೂಸ್ಟರ್ ಪಂಪನ್ನು ನೇರವಾಗಿ ಪಾಲಿಕೆ ಪೈಪಿಗೆ ಹಾಕಬಾರದು ಅನ್ನೋದೂ ಇದಕ್ಕೇ. ಪಂಪು ಪಕ್ಕದವರ ನೀರನ್ನಷ್ಟೇ ಅಲ್ಲ, ತೂತಿನ ಸುತ್ತಲಿನ ಕೊಳೆಯನ್ನೂ ಎಳೆಯುತ್ತೆ.

ನಾವೇ ಮಾಡಬಹುದಾದ ತನಿಖೆ

ಇಷ್ಟು ಗೊತ್ತಾದ ಮೇಲೆ ನನ್ನ ನಿಯಮ ಇದು: ನೋಡೋದು, ಅಳೆಯೋದು, ಬರೆದಿಡೋದು ನಮ್ಮ ಕೆಲಸ. ಬಿಚ್ಚೋದು ಅಲ್ಲ. ಮನೆ ಕೊಳ್ಳುವ ಮೊದಲೇ, ಬಾಡಿಗೆಗೆ ಹೋಗುವ ಮೊದಲೇ ಇವನ್ನು ಮಾಡಬಹುದು.

ಮೊದಲನೆಯದು, ಬಕೆಟ್ ಲೆಕ್ಕ. 10 ಲೀಟರ್ ಬಕೆಟ್ ತುಂಬೋಕೆ ಒಂದೊಂದು ನಲ್ಲಿಯಲ್ಲಿ ಎಷ್ಟು ಸೆಕೆಂಡ್ ಅಂತ ಬರೆದಿಡಿ. ಒಂದೇ ನಲ್ಲಿ ನಿಧಾನ ಅಂದರೆ ತೊಂದರೆ ಆ ನಲ್ಲಿಯಲ್ಲಿ ಅಥವಾ ಅದರ ಕವಲಿನಲ್ಲಿ. ಎಲ್ಲವೂ ನಿಧಾನ ಅಂದರೆ ತಾರಸಿಯಿಂದ ಇಳಿಯುವ ಪೈಪಿನ ಮೇಲೆ ಅನುಮಾನ.

ಎರಡನೆಯದು, ಬೆಳಗಿನ ಮೊದಲ ಲೋಟ. ಗಾಜಿನ ಲೋಟದಲ್ಲಿ ಹಿಡಿದು ಬೆಳಕಿಗೆ ನೋಡಿ. ಕೆಂಪು ಕೆಂಪಾಗಿದ್ದು ಸ್ವಲ್ಪ ಹೊತ್ತಿಗೆ ತಿಳಿಯಾದರೆ ಅದು ರಾತ್ರಿಯಿಡೀ ನಿಂತ ಜಿಐ ತುಕ್ಕು. ವಾಸನೆ ಇದ್ದರೆ ವಿಷಯ ಬೇರೆ.

ಮೂರನೆಯದು, ಅಟ್ಟದ ಟ್ಯಾಂಕ್. ಇಲ್ಲಿನ ಎಷ್ಟೋ ಮನೆಗಳಲ್ಲಿ ಅಟ್ಟದ ಮೇಲೊಂದು ಸಣ್ಣ ಟ್ಯಾಂಕ್ ಇರುತ್ತೆ. ರಾತ್ರಿ ಒಳಬರುವ ವಾಲ್ವ್ ಮುಚ್ಚಿ, ನೀರಿನ ಮಟ್ಟಕ್ಕೆ ಗುರುತು ಹಾಕಿ. ಯಾರೂ ಬಳಸದೆ ಬೆಳಗ್ಗೆ ಇಳಿದಿದ್ದರೆ ಮನೆಯೊಳಗೆ ಸೋರಿಕೆ ಇದೆ. ಆ ವಾಲ್ವ್ ತಿರುಗದಿದ್ದರೆ ಬಲವಂತ ಬೇಡ, ಅದೇ ನಿಮ್ಮ ಮೊದಲ ರಿಪೇರಿ.

ನಾಲ್ಕನೆಯದು, ಫ್ಲಶ್ ಟ್ಯಾಂಕಿಗೆ ಬಟ್ಟೆಗೆ ಹಾಕುವ ನೀಲಿ ನಾಲ್ಕು ಹನಿ. ಅರ್ಧ ಗಂಟೆ ಫ್ಲಶ್ ಮಾಡದೆ ಬಿಡಿ. ಕಮೋಡಿನಲ್ಲಿ ನೀಲಿ ಕಂಡರೆ ಒಳಗಿನ ರಬ್ಬರ್ ಹೋಗಿದೆ.

ಐದನೆಯದು, ಗೋಡೆಯ ಒದ್ದೆ ಕಲೆ. ಸುತ್ತ ಪೆನ್ಸಿಲ್ ಗೆರೆ ಎಳೆದು ತಾರೀಕು ಹಾಕಿ. ಮಳೆ ಬಂದಾಗ ಬೆಳೆದರೆ ಹೊರಗೋಡೆ, ಮೇಲಿನವರು ಸ್ನಾನ ಮಾಡಿದಾಗ ಬೆಳೆದರೆ ಅವರ ನಹಾನಿ ಟ್ರ್ಯಾಪ್, ಯಾವಾಗಲೂ ಒಂದೇ ಸಮ ಬೆಳೆದರೆ ನೀರು ತುಂಬಿರುವ ಪೈಪು. ಪ್ಲಂಬರ್ ಬಂದಾಗ ಈ ಗೆರೆಗಳು ಅರ್ಧ ದಿನದ ಒಡೆಯುವ ಕೆಲಸ ಉಳಿಸುತ್ತವೆ.

ಹಣದ ಗಡಿಯೂ ತಿಳಿದಿರಲಿ. ಮಹಾರಾಷ್ಟ್ರದ ಸಹಕಾರಿ ಹೌಸಿಂಗ್ ಸೊಸೈಟಿಗಳ ಮಾದರಿ ಉಪವಿಧಿಗಳ ಪ್ರಕಾರ ಸಾಮಾನ್ಯ ಪೈಪುಗಳು, ಟ್ಯಾಂಕುಗಳು, ಹೊರಗಿನ ಪೈಪಿನ ಸೋರಿಕೆ ಸೊಸೈಟಿ ಖರ್ಚು. ನಿಮ್ಮ ಟಾಯ್ಲೆಟ್, ಸಿಂಕಿನ ಒಳಸೋರಿಕೆ ನಿಮ್ಮ ಖರ್ಚು. ಕಾಕೂ ಮನೆಯ ಸೀಲಿಂಗ್‌ಗೆ ಬಣ್ಣ ನಾನೇ ಹೊಡೆಸಿದೆ, ಮಾತಿಲ್ಲದೆ.

ಕಪ್ಪಾದ ಬಾಟಲಿ

ಇಷ್ಟಕ್ಕೇ ಮುಗಿದಿದ್ದರೆ ನಾನು ಈ ಮಾತಾಡುತ್ತಿರಲಿಲ್ಲ. ಮುಂದಿನ ಮಳೆಗಾಲದಲ್ಲಿ ನಮ್ಮ ಕಟ್ಟಡದ ನಾಲ್ಕು ಮನೆಗಳಲ್ಲಿ ವಾಂತಿಭೇದಿ. ನೆಲಮಹಡಿಯ ಪುಟ್ಟ ಹುಡುಗಿಗೆ ಕಾಮಾಲೆ, ಆಸ್ಪತ್ರೆಗೆ ಸೇರಿಸಿದರು. ಸೊಸೈಟಿ ಮೀಟಿಂಗಿನಲ್ಲಿ ಒಬ್ಬರು "ಎಲ್ಲರೂ ಪ್ಯೂರಿಫೈಯರ್ ಹಾಕಿಸಿಕೊಳ್ಳಿ" ಅಂದರು, ಇನ್ನೊಬ್ಬರು "ಹೊರಗಿನ ಪಾನೀಪುರಿ" ಅಂದರು.

ನಾನು ಎಚ್2ಎಸ್ ಬಾಟಲಿಗಳನ್ನು ತರಿಸಿದೆ. 1982ರಲ್ಲಿ ಗ್ವಾಲಿಯರ್‌ನ ರಕ್ಷಣಾ ಪ್ರಯೋಗಾಲಯದ ವಿಜ್ಞಾನಿಗಳು ಪ್ರಕಟಿಸಿದ ಸುಲಭ ಪರೀಕ್ಷೆ ಅದು. ಗುರುತಿನವರೆಗೆ ನೀರು ತುಂಬಿ ಒಂದೆರಡು ದಿನ ಇಡಬೇಕು. ಕಪ್ಪಾದರೆ ಮಲದ ಸೋಂಕಿನ ಅನುಮಾನ. ಲ್ಯಾಬ್ ರಿಪೋರ್ಟಿಗೆ ಸಮ ಅಲ್ಲ, ಆದರೆ ದಾರಿ ತೋರಿಸುತ್ತೆ. ಬಗ್ ಹುಡುಕುವ ಹಾಗೆ ಅರ್ಧರ್ಧ ಭಾಗ ಮಾಡುತ್ತಾ ಹೋದೆ. ನನ್ನ ನಲ್ಲಿ, ತಾರಸಿ ಟ್ಯಾಂಕ್, ನೆಲದ ಟ್ಯಾಂಕ್, ಕೊನೆಗೆ ಸಪ್ಲೈ ಶುರುವಾದ ಮೊದಲ ನಿಮಿಷದ ನೀರು ಮತ್ತು ಹದಿನೈದು ನಿಮಿಷದ ನಂತರದ ನೀರು. ಮೊದಲ ನಾಲ್ಕೂ ಕಪ್ಪು. ಕೊನೆಯದು ತಿಳಿ.

ಅಂದರೆ ಪಾಲಿಕೆಯಿಂದ ಬರುವ ನೀರು ಸರಿ ಇದೆ. ಮುಖ್ಯ ಪೈಪಿಗೂ ನಮ್ಮ ಟ್ಯಾಂಕಿಗೂ ನಡುವಿನ ಹಳೇ ಪೈಪಿನಲ್ಲಿ, ಸಪ್ಲೈ ಇಲ್ಲದ ಹೊತ್ತಿನಲ್ಲಿ, ಏನೋ ಒಳಗೆ ಬರ್ತಿದೆ. ಐದು ಬಾಟಲಿ ಮೇಜಿನ ಮೇಲೆ ಸಾಲಾಗಿ ಇಟ್ಟ ಮೇಲೆ ಮೀಟಿಂಗಿನಲ್ಲಿ ಪಾನೀಪುರಿ ಮಾತು ನಿಂತಿತು.

ಅಲ್ಲಿಗೆ ನನ್ನ ಕೆಲಸ ಮುಗಿಯಿತು. ಆ ಪೈಪಿಗೆ ನಾನು ಕೈ ಹಾಕುವಂತಿಲ್ಲ, ಹಾಕಲೂಬಾರದು. ಸೊಸೈಟಿ ಲೈಸೆನ್ಸ್ ಇರುವ ಪ್ಲಂಬರ್ ಕರೆಸಿತು, ವಾರ್ಡ್ ಆಫೀಸಿಗೆ ಅರ್ಜಿ ಹೋಯಿತು. ಅಗೆದಾಗ ಕಂಡದ್ದು ಇಷ್ಟು: ಚರಂಡಿ ಛೇಂಬರಿನ ಪಕ್ಕದಲ್ಲೇ ಹಾದುಹೋಗಿದ್ದ ಜಿಐ ಪೈಪು, ಅದರ ಅಡಿಯಲ್ಲಿ ಸೂಜಿಮೊನೆಯಂಥ ತೂತುಗಳು. ಹೊಸ ಪೈಪು ಚರಂಡಿಯಿಂದ ದೂರ ಸರಿಸಿ ಹಾಕಿದರು. ಟ್ಯಾಂಕುಗಳನ್ನು ಬ್ಲೀಚಿಂಗ್ ಪೌಡರ್ ಹಾಕಿ ತೊಳೆದರು. ಪ್ಲಂಬರ್ ಮಾಮಾ ಹೇಳುತ್ತಾ ಹೋದ ಹಾಗೆ ತಾರಸಿಯ ವಾಲ್ವುಗಳಿಗೆಲ್ಲ ನಾನು ಬಣ್ಣದಲ್ಲಿ ಮನೆ ನಂಬರ್ ಬರೆದೆ. ಎಂಟೆಕ್ ಡಿಗ್ರಿ ಕೊನೆಗೂ ಉಪಯೋಗಕ್ಕೆ ಬಂತು ಅಂತ ಹೆಂಡತಿ ನಕ್ಕಳು.

ಹುಡುಗಿ ಹುಷಾರಾದಳು. ಅವಳ ಕಾಮಾಲೆಗೆ ಆ ಪೈಪೇ ಕಾರಣ ಅಂತ ನಾನು ಸಾಧಿಸಲಾರೆ. ಆದರೆ ಅವಳ ಕಟ್ಟಡದ ನೀರಿನ ಬಾಟಲಿ ಕಪ್ಪಾಗಿತ್ತು, ಈಗ ಆಗ್ತಿಲ್ಲ.

ಹಾಗಾಗಿ ನಾವೇ ನೋಡ್ಬೇಕಾ, ಪ್ಲಂಬರ್ ಕರೀಬೇಕಾ ಅನ್ನೋ ಪ್ರಶ್ನೆಗೆ ನನ್ನ ಉತ್ತರ: ಎರಡೂ, ಆದರೆ ಈ ಕ್ರಮದಲ್ಲಿ. ಸ್ನೋ ಎಣಿಸಿದ ಹಾಗೆ ನಾವು ಎಣಿಸಬೇಕು. ಪೈಪು ಬಿಚ್ಚುವ ಕೈ ಮಾತ್ರ ನೆರೆಯವರಿಗೂ ಉತ್ತರ ಕೊಡಬಲ್ಲ ಕೈ ಆಗಿರಬೇಕು. ನಾವು ಊರು ಬಿಟ್ಟು ಬಂದವರು, ಎರಡು ವರ್ಷಕ್ಕೆ ಮನೆ ಬದಲಾಯಿಸುವವರು, ಕಟ್ಟಡದ ನೀರು ನಮಗೇಕೆ ಅನ್ನಿಸಬಹುದು. ಆದರೆ ಇಲ್ಲಿ ಇರುವಷ್ಟು ದಿನ ಕುಡಿಯೋದು ಅದೇ ಟ್ಯಾಂಕಿನ ನೀರು.

ಈ ಭಾನುವಾರ ಒಂದು ಕೆಲಸ ಮಾಡಿ. ನಿಮ್ಮ ಮನೆಯ ಮುಖ್ಯ ವಾಲ್ವ್ ಎಲ್ಲಿದೆ ಅಂತ ಹುಡುಕಿ, ತಾರಸಿಯಲ್ಲಿ ನಿಮ್ಮದು ಯಾವುದು ಅಂತ ಗೊತ್ತಿರುವವರನ್ನು ಕೇಳಿ, ಗುರುತು ಹಾಕಿ ಬನ್ನಿ. ಐರೋಳಿ, ಭಾಂಡುಪ್, ಡೊಂಬಿವಲಿ, ಎಲ್ಲೇ ಇರಿ, ನಿಮ್ಮ ಕಟ್ಟಡದ ಕಥೆ ಇದ್ದರೆ ಬರೆದು ಕಳಿಸಿ. ಮುಂದಿನ ಮಾತಿನಲ್ಲಿ ಸಿಗೋಣ.